ಸೊರಬಕ್ಕೆ ಹೋಗುತ್ತಿದ್ದ ಕಾಗದಗಳು

ವಾಲಿಬಾಲ್ ಸಂಘದವರು ನನ್ನ ಗಂಡನಿಗೆ ಒಂದು ವರ್ಷ ಮೈದಾನದ ಕಡೆ ಸುಳಿಯಬಾರದೆಂದು ಶಿಕ್ಷೆ ಹಾಕಿದಾಗ ಶಿಕಾರಿಪುರದ ನಮ್ಮ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನಗೆ ಸಮಾಧಾನ ಹೇಳಿ ಹೋದರು. ಮರ್ಯಾದೆ ಹೋಯಿತೆಂದು ನಾನು ಕೊರಗುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೌದು, ಹೀಗಾಗಬಾರದಿತ್ತು ಎನ್ನುತ್ತಿದ್ದೆ. ನನ್ನೊಳಗೆ ಉರಿಯುತ್ತಿದ್ದದ್ದು ಅವಮಾನವಲ್ಲ, ಹೊಟ್ಟೆಕಿಚ್ಚು ಎಂದು ಯಾರ ಮುಂದೆ ಹೇಳುವುದು? ಇನ್ನೊಬ್ಬ ಹೆಣ್ಣಿನ ಮೇಲಿನ ಹೊಟ್ಟೆಕಿಚ್ಚಾಗಿದ್ದರೆ ಅವರಿಗೆ ಅರ್ಥವಾಗುತ್ತಿತ್ತು.

ನನ್ನ ತವರು ಸೊರಬ. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದರು. ನಮ್ಮ ಬೀದಿಯಲ್ಲೇ ಒಬ್ಬ ಡ್ರಿಲ್ ಮೇಷ್ಟ್ರು ಇದ್ದರು. ದೊಡ್ಡ ನಗು, ದೊಡ್ಡ ದನಿ. ಅವರು ಬೀದಿಯ ಆ ತುದಿಯಲ್ಲಿ ಮಾತಾಡಿದರೆ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಅವರೇ ನನಗೆ ಗಂಡು ತಂದವರು. ತರಬೇತಿಗೆ ಹೋದಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದರಂತೆ, ಒಂದೇ ತಟ್ಟೆಯಲ್ಲಿ ಉಂಡವರಂತೆ. ಈಗ ಒಬ್ಬರು ಸೊರಬದಲ್ಲಿ, ಇನ್ನೊಬ್ಬರು ಶಿಕಾರಿಪುರದಲ್ಲಿ ಮೇಷ್ಟ್ರು. ನನ್ನನ್ನು ನೋಡಲು ಬಂದ ದಿನ ಗಂಡು ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಗೆಳೆಯರಿಬ್ಬರೂ ಅಪ್ಪನನ್ನೂ ಮರೆತು, ಯಾವುದೋ ಮ್ಯಾಚಿನಲ್ಲಿ ಅಂಪೈರು ನೆಟ್ಟಿನ ಕೆಳಗೆ ಸಿಕ್ಕಿಬಿದ್ದ ಕಥೆ ಹೇಳಿಕೊಂಡು ನಕ್ಕರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೂ ನಗು ಬಂತು. ಇಷ್ಟು ನಗುವವರ ಮನೆಗೆ ಹೋಗುತ್ತಿದ್ದೇನಲ್ಲ ಎಂದು ಸಂತೋಷವಾಯಿತು.

ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ಆ ನಗು ನನಗೆ ಸಿಗಲಿಲ್ಲ. ಅವರು ಕೆಟ್ಟವರಲ್ಲ. ಒಂದು ಏಟು ಹೊಡೆದವರಲ್ಲ, ಒಂದು ಬೈಗುಳ ಬೈದವರಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಸೀಟಿ ಕೊರಳಿಗೆ ಹಾಕಿಕೊಂಡು ಶಾಲೆಗೆ ಹೋಗುವರು. ಸಂಜೆ ಊರಿನ ತಂಡಕ್ಕೆ ಆಟ ಹೇಳಿಕೊಡಲು ಮೈದಾನಕ್ಕೆ ಹೋಗುವರು. ಕತ್ತಲಾಗುವ ಹೊತ್ತಿಗೆ ಬಂದು ಕಾಲು ತೊಳೆದು ಊಟಕ್ಕೆ ಕೂರುವರು. ಉಪ್ಪು ಹೆಚ್ಚಾದರೂ ಮಾತಿಲ್ಲ, ಕಡಿಮೆಯಾದರೂ ಮಾತಿಲ್ಲ. ನಾನೇ ಏನಾದರೂ ಕೇಳಿದರೆ ‘ಹ್ಞೂಂ’, ‘ಆಗ್ಲಿ’ ಎಂಬ ಎರಡು ಉತ್ತರ.

ಆದರೆ ಭಾನುವಾರ ಮ್ಯಾಚು ಮುಗಿಸಿ ಬಂದ ಮೇಲೆ ಜಗಲಿಯಲ್ಲಿ ಕೂತು ಮಣೆಯ ಮೇಲೆ ಇನ್‌ಲ್ಯಾಂಡ್ ಕಾಗದ ಹರಡಿಕೊಂಡು ಅವರು ಬರೆಯಲು ಶುರು ಮಾಡಿದರೆ ಬೇರೆಯೇ ಮನುಷ್ಯ. ಬರೆಯುತ್ತಾ ಬರೆಯುತ್ತಾ ಭುಜ ಕುಲುಕುವುದು ನನಗೆ ಅಡಿಗೆಮನೆಯ ಬಾಗಿಲಿಂದ ಕಾಣುತ್ತಿತ್ತು. ಕೆಲವು ಸಲ ಪೆನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಮತ್ತೆ ಬರೆಯುವರು. ಏನು ಅಷ್ಟು ನಗು ಎಂದು ಒಂದು ಸಲ ಕೇಳಿದೆ. ಏನಿಲ್ಲ, ಹಂಗೇ ಎಂದರು. ಕಾಗದ ಅಂಟಿಸಿ ತಾವೇ ಹೋಗಿ ಡಬ್ಬಿಗೆ ಹಾಕಿ ಬರುವರು. ಸೊರಬದಿಂದ ಬಂದ ಉತ್ತರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಬಟ್ಟೆ ಒಗೆಯಲು ಹಾಕುವ ಮುಂಚೆ ನೆನಪಿಟ್ಟು ತೆಗೆದುಕೊಳ್ಳುವರು. ನಾನು ಓದು ಬಲ್ಲವಳು, ಸೊರಬದಲ್ಲಿ ಮಿಡ್ಲ್ ಸ್ಕೂಲು ಮುಗಿಸಿದವಳು. ಆದರೂ ಆ ಕಾಗದ ಯಾವುದನ್ನೂ ನಾನು ಮುಟ್ಟಲಿಲ್ಲ. ನನಗೆ ಬೇಕಾಗಿದ್ದದ್ದು ಕದ್ದು ಓದುವುದಲ್ಲ, ಅವರು ನನಗೆ ಹೇಳುವುದು.

ಆಗ ನಮ್ಮ ಸೀಮೆಯಲ್ಲಿ ವಾಲಿಬಾಲಿನ ಹುಚ್ಚು ಹೊಸದು. ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಶಿಕಾರಿಪುರ, ಸೊರಬ, ಚಂದ್ರಗುತ್ತಿ, ಇನ್ನೂ ಕೆಲವು ಊರುಗಳ ತಂಡಗಳು ಸೇರಿ ಒಂದು ಸಂಘ ಮಾಡಿಕೊಂಡಿದ್ದವು. ಬೇಸಿಗೆಗೆ ಮುಂಚೆ ಪ್ರತಿ ಭಾನುವಾರ ಒಂದು ಊರಿನವರು ಇನ್ನೊಂದು ಊರಿಗೆ ಹೋಗಿ ಆಡಬೇಕು. ಕೊನೆಗೆ ಹೆಚ್ಚು ಗೆದ್ದವರಿಗೆ ಬಹುಮಾನದ ಕಪ್ಪು. ನಮ್ಮೂರಿನ ಡಾಕ್ಟರು ಸಂಘದ ಅಧ್ಯಕ್ಷರು. ನನ್ನ ಗಂಡ ಶಿಕಾರಿಪುರದ ತಂಡಕ್ಕೆ ಗುರು, ಅವರ ಗೆಳೆಯ ಸೊರಬದ ತಂಡಕ್ಕೆ.

ನಮ್ಮ ತಂಡದ ಬಲವೆಲ್ಲ ಪಕ್ಕದ ಉಡುತಡಿಯ ಒಬ್ಬ ಒಕ್ಕಲು ಮಗನ ಮೇಲೆ ನಿಂತಿತ್ತು. ಎತ್ತರದ ಆಳು, ತೆಳ್ಳಗಿನ ಮೈ. ಮದುವೆಯ ವಯಸ್ಸಾಗಿದ್ದರೂ ಆಟದ ಕಾಲ ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಿದ್ದನಂತೆ. ಅವನು ನೆಟ್ಟಿನ ಬುಡದಲ್ಲಿ ಮೇಲೆದ್ದರೆ ಗಾಳಿಯಲ್ಲಿ ಒಂದು ಗಳಿಗೆ ನಿಂತ ಹಾಗೆ ಕಾಣುತ್ತಿತ್ತು ಎಂದು ನೋಡಿದವರು ಹೇಳುತ್ತಿದ್ದರು. ಉಡುತಡಿಯ ಜಾತ್ರೆಯ ಬಯಲಲ್ಲಿ ಹುಡುಗರ ಜೊತೆ ಬಟ್ಟೆ ಚೆಂಡು ಹೊಡೆಯುತ್ತಿದ್ದವನನ್ನು ನನ್ನ ಗಂಡನೇ ಕಂಡು ಕರೆತಂದದ್ದು. ಹೊಲದ ಕೆಲಸ ಮುಗಿಸಿ ಸೈಕಲ್ ತುಳಿದುಕೊಂಡು ಬರುವನು. ಆಟ ಮುಗಿದ ಮೇಲೆ ಭುಜ ನೋಯುತ್ತದೆ ಎಂದರೆ ನಮ್ಮ ಮನೆಗೆ ಕರೆತಂದು ನನ್ನ ಗಂಡ ಕೈಯಾರೆ ಎಣ್ಣೆ ತಿಕ್ಕುವರು. ನಾನು ನೀರು ಕಾಯಿಸಿ ಕೊಡಬೇಕು. ಹಾಲಿಗೆ ಮೊಟ್ಟೆ ಒಡೆದು ಹಾಕಿ ಅವನಿಗೆ ಕುಡಿಸುವರು. ಅವನು ನಾಚಿಕೊಂಡು, ‘ಸಾಕ್ರೀ ಮೇಷ್ಟ್ರೇ’ ಎನ್ನುವನು. ನನಗೆ ಜ್ವರ ಬಂದಾಗ ಒಂದು ಲೋಟ ಬಿಸಿನೀರು ಕೊಡಲು ತೋಚದ ಮನುಷ್ಯ, ಇವನ ಬೆರಳು ಒಂದೊಂದನ್ನೇ ಹಿಡಿದು ನೀವುತ್ತಿದ್ದರು. ಅವನ ಎದುರಿಗೆ ನಾನು ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದೆ. ಅವನಿಗೆ ತಿಳಿಯುತ್ತಿತ್ತು ಎಂದು ಕಾಣುತ್ತದೆ. ಹೋಗುವಾಗ ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಹೋಗುವನು.

ಆ ವರ್ಷ ಸೊರಬದಲ್ಲಿ ಮ್ಯಾಚು ಬಂದಾಗ ತವರಿಗೆ ಹೋಗಿಬರುವ ಆಸೆಯಿಂದ ನಾನೂ ಹೊರಟೆ. ಎರಡು ತಿಂಗಳ ಗರ್ಭಿಣಿ. ಮೊದಲ ಬಾರಿ. ತಂಡಕ್ಕೆ ಗೊತ್ತು ಮಾಡಿದ್ದ ಲಾರಿಯಲ್ಲಿ ನನ್ನನ್ನು ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂರಿಸಿ, ಅವರೆಲ್ಲ ಹಿಂದೆ ನಿಂತು ಕೂಗಿಕೊಂಡು ಬಂದರು. ಮೈದಾನಕ್ಕೆ ಹೊಂದಿಕೊಂಡ ಒಂದು ಮನೆಯ ಜಗಲಿಯಲ್ಲಿ ಹೆಂಗಸರಿಗೆ ಚಾಪೆ ಹಾಸಿದ್ದರು. ನಾನು ಆಟವನ್ನು ಸರಿಯಾಗಿ ಕಂಡದ್ದು ಅದೇ ಮೊದಲು.

ಮೊದಲ ಗೇಮು ನಮ್ಮವರು ಗೆದ್ದರು. ಉಡುತಡಿಯವನು ಹೊಡೆದ ಚೆಂಡು ನೆಲಕ್ಕೆ ಬಡಿದು ಜನರ ತಲೆಯ ಮೇಲೆ ಹಾರುತ್ತಿತ್ತು. ಎರಡನೆಯ ಗೇಮು ಶುರುವಾದ ಮೇಲೆ ಸೊರಬದ ತಂಡದ ಒಬ್ಬ, ಇವನು ಎಗರುವ ಹೊತ್ತಿಗೆ ಸರಿಯಾಗಿ ‘ಬೆರಣಿ’ ಎಂದ. ಚೆಂಡು ನೆಟ್ಟಿಗೆ ಬಿತ್ತು. ಜನ ನಕ್ಕರು. ಮತ್ತೆ ಎಗರಿದ, ಮತ್ತೆ ‘ಬೆರಣಿ’. ಸ್ವಲ್ಪ ಹೊತ್ತಿಗೆ ಆ ಕಡೆ ನಿಂತವರೆಲ್ಲ ಹಿಡಿದುಕೊಂಡರು. ‘ಗೋಡೆಗೆ ತಟ್ಟೋ, ಗೋಡೆಗೆ ತಟ್ಟೋ’ ಎಂದು ಕೆಲವರು ಅಂಗೈ ತೋರಿಸಿ ತಟ್ಟುವಂತೆ ಆಡಿದರು. ನನಗೆ ಏನೂ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ, ಅವಳಿಗೂ ಗೊತ್ತಿರಲಿಲ್ಲ.

ಉಡುತಡಿಯವನು ಆಟ ನಿಲ್ಲಿಸಿ ನೆಟ್ಟಿನ ಹತ್ತಿರ ಹೋದ. ಮೊದಲು ಕೂಗಿದವನನ್ನು ಏನೋ ಕೇಳಿದ. ಅವನು ಜನಕ್ಕೆಲ್ಲ ಕೇಳುವಂತೆ ಹೇಳಿದ: ‘ನಮ್ಮ ಮ್ಯಾಲೆ ಎಂತಕ್ಕೆ ಸಿಟ್ಟು ಮಾರಾಯ? ನಿಮ್ಮ ಮೇಷ್ಟ್ರೇ ಬರ್ದದ್ದು.’

ಅವನು ತಿರುಗಿ ನನ್ನ ಗಂಡನ ಕಡೆ ನೋಡಿದ. ಗೆರೆಯ ಹೊರಗೆ ನಿಂತಿದ್ದ ನನ್ನ ಗಂಡ ಬಗ್ಗಿ ಬೂಟಿನ ಲಾಡಿ ಕಟ್ಟತೊಡಗಿದರು. ಲಾಡಿ ಬಿಚ್ಚಿರಲಿಲ್ಲ, ಅದು ಜಗಲಿಯಿಂದ ನನಗೂ ಕಂಡಿತು. ಅವನು ಗೆರೆ ದಾಟಿ, ತನ್ನ ಅಂಗಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನ ಬದಲಿಗೆ ಒಬ್ಬನನ್ನು ಇಳಿಸಿದರು. ನಮ್ಮವರು ಸೋತರು.

ಸಂಗತಿ ಅಪ್ಪನ ಮನೆಯಲ್ಲಿ ಆ ಸಂಜೆಯೇ ತಿಳಿಯಿತು. ನನ್ನ ಗಂಡ ಬರೆದ ಕಾಗದಗಳನ್ನು ಗೆಳೆಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ತಮ್ಮ ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಬಹಳ ದಿನದಿಂದ ನಡೆದಿತ್ತಂತೆ. ಶಿಕಾರಿಪುರದ ಮೇಷ್ಟ್ರ ಕಾಗದ ಬಂತಾ ಎಂದು ಕೇಳಿಕೊಂಡು ಜನ ಕಾಫಿಗೆ ಬರುತ್ತಿದ್ದರಂತೆ. ಅಪ್ಪನೂ ಒಂದೆರಡು ಸಲ ಕೇಳಿದ್ದರು. ಬಹಳ ಚೆನ್ನಾಗಿ ಬರೀತಾರೆ ನಿನ್ನ ಗಂಡ ಎಂದು ಅಪ್ಪ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಾಗ ನಾನು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದೆ. ಹೋಟೆಲಿನ ಮಾಣಿಗೂ ಗೊತ್ತಿರುವ ನನ್ನ ಗಂಡ ನನಗೆ ಗೊತ್ತಿರಲಿಲ್ಲ.

ಶಿಕಾರಿಪುರಕ್ಕೆ ಹಿಂತಿರುಗಿದ ಮೇಲೆ ಕೇಳಿದೆ, ಅವನ ಬಗ್ಗೆ ಏನು ಬರೆದಿದ್ದಿರಿ ಎಂದು.

‘ಅದು ಆಟದ ಮಾತು. ನಿಂಗ ತಿಳಿಯಂಗಿಲ್ಲ ಬಿಡು,’ ಎಂದರು.

ಉಡುತಡಿಯವನು ನಮ್ಮ ಮನೆಗೆ ಬರಲಿಲ್ಲ. ನೇರವಾಗಿ ಡಾಕ್ಟರ ಹತ್ತಿರ ಹೋಗಿ ದೂರು ಕೊಟ್ಟ. ಹೀಗೆ ಬರೆದಿರುವುದು ನಿಜವೋ ಸುಳ್ಳೋ ಸಂಘ ಕೇಳಬೇಕು, ನಿಜವಾಗಿದ್ದರೆ ಏನು ಮಾಡುತ್ತದೋ ತನಗೆ ಹೇಳಬೇಕು ಎಂದನಂತೆ. ಸಂಘ ಹುಟ್ಟಿದ ಮೇಲೆ ಅಂಥ ದೂರು ಬಂದದ್ದು ಮೊದಲು. ಅಲ್ಲಿಯವರೆಗೆ ಬಂದದ್ದೆಲ್ಲ ಗೆರೆ ತುಳಿದದ್ದು, ಅಂಪೈರಿಗೆ ಬೈದದ್ದು, ಹೊರಗಿನ ಊರಿನ ಆಟಗಾರನನ್ನು ಸುಳ್ಳು ಹೇಳಿ ಇಳಿಸಿದ್ದು. ಒಬ್ಬರು ಮನೆಯಲ್ಲಿ ಕೂತು ಬರೆದ ಕಾಗದಕ್ಕೆ ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಡಾಕ್ಟರು ಎಲ್ಲ ಊರಿನವರಿಗೂ ಹೇಳಿಕಳಿಸಿ, ಒಂದು ಮಧ್ಯಾಹ್ನ ತಮ್ಮ ಮನೆಯಲ್ಲೇ ಸಭೆ ಸೇರಿಸಿದರು.

ಡಾಕ್ಟರ ಹೆಂಡತಿಗೆ ನನ್ನ ಮೇಲೆ ಅಕ್ಕರೆ. ಮನೆಯಲ್ಲಿ ಒಬ್ಬಳೇ ಕೂತು ಗಾಬರಿಪಡಬೇಡ ಎಂದು ನನ್ನನ್ನು ಕರೆಸಿಕೊಂಡರು. ನಡುಮನೆಯಲ್ಲಿ ನಾವಿಬ್ಬರೂ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಬಾಗಿಲಿಗೆ ಪರದೆ ಇತ್ತು. ಆಚೆಯ ಪ್ರತಿಯೊಂದು ಮಾತೂ ಕೇಳುತ್ತಿತ್ತು.

ಸೊರಬದ ಗೆಳೆಯ ಬಂದಿದ್ದರು. ಡಾಕ್ಟರು ಕೇಳುವ ಮುಂಚೆಯೇ ಅವರು ಜೇಬಿನಿಂದ ಕಾಗದ ತೆಗೆದು ಕೊಟ್ಟರು. ತಾವು ಏನನ್ನೂ ಮುಚ್ಚಿಡುವವರಲ್ಲ, ಸಂಘ ಏನು ಹೇಳಿದರೂ ಸರಿ ಎಂದರು. ನನ್ನ ಗಂಡನ ಕುರ್ಚಿ ಕಿರ್ರೆಂದದ್ದು ಕೇಳಿತು. ಗೆಳೆಯ ಇಷ್ಟು ಸುಲಭಕ್ಕೆ ಕೊಟ್ಟುಬಿಡುತ್ತಾರೆಂದು ಅವರು ಎಣಿಸಿರಲಿಲ್ಲ. ನಾನು ಎಣಿಸಿದ್ದೆ.

ಬೇಕಾದ ಸಾಲು ಮಾತ್ರ ಓದುತ್ತೇನೆಂದು ಡಾಕ್ಟರು ಹೇಳಿದರು. ಚಂದ್ರಗುತ್ತಿಯಿಂದ ಬಂದಿದ್ದ ಸದಸ್ಯರು ಒಪ್ಪಲಿಲ್ಲ. ಹಿಂದುಮುಂದು ತಿಳಿಯದೆ ಒಬ್ಬರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ, ಪೂರಾ ಓದಿ ಎಂದರು. ಡಾಕ್ಟರು ಓದಿದರು, ಔಷಧಿ ಚೀಟಿ ಓದುವ ದನಿಯಲ್ಲಿ.

ಆ ಸಪ್ಪೆ ದನಿಯಲ್ಲೂ ಅದು ಎಂಥ ಕಾಗದವಾಗಿತ್ತು! ಹೆಡ್ ಮೇಷ್ಟ್ರು ಬಿಸಿಲಲ್ಲಿ ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ನೆರಳು ಬಂದ ಕೂಡಲೇ ಬಿಚ್ಚುತ್ತಿದ್ದದ್ದು ಅದರಲ್ಲಿತ್ತು. ಬಸ್ಸಿನ ಕಂಡಕ್ಟರು ಕೋಳಿಗೆ ಅರ್ಧ ಟಿಕೀಟು ಕೇಳಿದ್ದು, ಕೋಳಿಯ ಒಡತಿ ಹಾಗಾದರೆ ಅದಕ್ಕೊಂದು ಸೀಟು ಕೊಡಿ ಎಂದದ್ದು ಇತ್ತು. ನಮ್ಮ ಮನೆಯ ಬೆಕ್ಕು ಮರಿ ಹಾಕಿದ್ದೂ, ಅದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಅವರ ಬೂಟಿನ ಪೆಟ್ಟಿಗೆಗೆ ವಠಾರ ಬದಲಾಯಿಸಿದ್ದೂ ಇತ್ತು. ಡಾಕ್ಟರ ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡರು. ಆಮೇಲೆ ಆ ಸಾಲು ಬಂತು. ಉಡುತಡಿಯ ಬೆರಣಿ ಕೈಯವನಿಗೆ ಎಷ್ಟು ಹೇಳಿಕೊಟ್ಟರೂ ಅಷ್ಟೆ, ಅವನ ಅವ್ವ ತಟ್ಟಿದ್ದು ಗೋಡೆಗೆ ಅಂಟುತ್ತದೆ, ಅವನು ತಟ್ಟಿದ್ದು ನೆಟ್ಟಿಗೆ ಅಂಟುತ್ತದೆ. ಸಗಣಿಯಲ್ಲಿ ಬೆಳೆದವರನ್ನು ತಂದು ನಿಲ್ಲಿಸಿಕೊಂಡರೆ ಇನ್ನೇನಾಗುತ್ತದೆ ಎಂದಿತ್ತು. ಅದಕ್ಕಿಂತ ಕೆಟ್ಟ ಇನ್ನೂ ಒಂದೆರಡು ಮಾತು ಅವನ ಮನೆತನದ ಬಗ್ಗೆ ಇತ್ತು. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ. ಉಡುತಡಿಯವನು ಅದೇ ಕೋಣೆಯಲ್ಲಿ ಕೂತಿದ್ದ.

ನನಗೆ ಅವನ ಬಗ್ಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಿತು ಕೂಡ, ಆದರೆ ಆಮೇಲೆ. ಮೊದಲು ಅನ್ನಿಸಿದ್ದು ಬೇರೆ. ಬೆಕ್ಕು ಮರಿ ಹಾಕಿದ ವಾರವೇ ನಾನು ಅವರಿಗೆ ತಿಂಗಳು ನಿಂತಿದೆ ಎಂದು ಹೇಳಿದ್ದೆ. ಹ್ಞೂಂ ಎಂದಿದ್ದರು. ಕಾಗದದಲ್ಲಿ ಬೆಕ್ಕಿತ್ತು, ಹೆಡ್ ಮೇಷ್ಟ್ರ ಕೊಡೆ ಇತ್ತು, ಯಾರದೋ ಕೋಳಿ ಇತ್ತು. ಬೈಸಿಕೊಂಡಾದರೂ ಉಡುತಡಿಯವನಿದ್ದ. ಕೊನೆಯವರೆಗೂ ಕಿವಿಗೊಟ್ಟು ಕೇಳಿದೆ. ನಾನು ಇರಲಿಲ್ಲ. ನನ್ನ ಬಗ್ಗೆ ಬೈಗುಳವೂ ಇರಲಿಲ್ಲ.

ಡಾಕ್ಟರು ನನ್ನ ಗಂಡನನ್ನು, ಇದು ನಿಮ್ಮ ಬರಹವೇ ಎಂದು ಕೇಳಿದರು. ಹೌದೆಂದರು. ಏನು ಹೇಳುವುದಿದೆ ಎಂದು ಕೇಳಿದರು.

‘ಗೆಳೆಯಗ ಬರೆದ ಕಾಗದರೀ ಅದು. ನಾಕು ಮಂದಿ ಮುಂದ ಆಡಿದ ಮಾತಲ್ಲ. ಗೆಳೆಯನ ಮುಂದ ಮನುಷ್ಯ ಒಂದಿಷ್ಟು ಸಡಿಲ ಆಗ್ತಾನ. ಆ ಹುಡುಗನ್ನ ನಾನು ಹೆಂಗ ನೋಡ್ಕೊಂಡೇನಿ ಅವನ್ನೇ ಕೇಳ್ರಿ,’ ಎಂದರು.

ಅವರ ದನಿ ಅಷ್ಟು ಉದ್ದದ ಮಾತಿಗೆ ಏರಿ ಇಳಿದದ್ದನ್ನು ಮದುವೆಯಾದ ಮೇಲೆ ನಾನು ಕೇಳಿದ್ದು ಅದೇ ಮೊದಲು. ಸಡಿಲವಾಗಲು ಒಬ್ಬ ಗೆಳೆಯ ಬೇಕಾದರೆ ಮನೆಯಲ್ಲಿ ಅವರು ಬಿಗಿದುಕೊಂಡು ಕೂರುತ್ತಿದ್ದದ್ದು ಯಾರ ಎದುರಿಗೆ ಎಂದುಕೊಳ್ಳುತ್ತಾ ಅವರೆಕಾಯಿ ಸಿಪ್ಪೆಯನ್ನು ಚೂರು ಚೂರು ಮಾಡಿದೆ.

ಸದಸ್ಯರಲ್ಲಿ ವಾದ ಹತ್ತಿಕೊಂಡಿತು. ಮೈದಾನದಲ್ಲಿ ನಡೆದದ್ದಕ್ಕೆ ಮಾತ್ರ ಸಂಘ, ಮನೆಯ ಕಾಗದಕ್ಕಲ್ಲ ಎಂದು ಒಬ್ಬರು. ನಮ್ಮ ನಮ್ಮ ಕಾಗದ ತೆಗೆದು ಹೀಗೆ ಓದಿದರೆ ಈ ಕೋಣೆಯಲ್ಲಿ ಯಾರು ಉಳಿಯುತ್ತಾರೆ ಎಂದು ಇನ್ನೊಬ್ಬರು. ಚಂದ್ರಗುತ್ತಿಯವರು, ಯಾರನ್ನು ಆಡಿಸಬೇಕು ಯಾರನ್ನು ಕೂರಿಸಬೇಕು ಎಂದು ತೀರ್ಮಾನ ಮಾಡುವವನ ಮನಸ್ಸಿನಲ್ಲಿ ಇದಿದ್ದರೆ ಅದು ಮೈದಾನದ ವಿಷಯವೇ ಎಂದರು. ಹೋಟೆಲಿನಲ್ಲಿ ಓದಿದವರದೂ ತಪ್ಪಲ್ಲವೇ ಎಂಬ ಮಾತೂ ಬಂತು. ಗೆಳೆಯ, ತಾವು ತಮಾಷೆಗೆ ಓದಿದ್ದು, ಹುಡುಗರು ಅದನ್ನು ಆಟಕ್ಕೆ ತರುತ್ತಾರೆಂದು ಗೊತ್ತಿರಲಿಲ್ಲ ಎಂದು ಕೈ ಮುಗಿದರು.

ಕೊನೆಗೆ ಡಾಕ್ಟರು ಉಡುತಡಿಯವನನ್ನು, ನಿನಗೆ ಏನಾಗಬೇಕು ಹೇಳಪ್ಪ ಎಂದು ಕೇಳಿದರು.

‘ಅವರು ನಂಗೆ ಎಣ್ಣೆ ತಿಕ್ಯಾರ, ಹಾಲು ಕುಡಿಸ್ಯಾರ. ಅದನ್ನ ಇಲ್ಲ ಅನ್ನಂಗಿಲ್ರೀ. ಆಟ ಅವರೇ ಕಲಿಸಿದ್ದು. ಆದ್ರ ಇನ್ನ ಅವರು ಗೆರೆ ಬದಿಗೆ ನಿಂತ್ರ ನಂಗೆ ಬಾಲು ಕಾಣಂಗಿಲ್ಲ. ನಮ್ಮವ್ವನ ಕೈಯೇ ಕಾಣತೈತಿ,’ ಎಂದ.

ಅದರ ಮೇಲೆ ವಾದ ನಡೆಯಲಿಲ್ಲ. ನನ್ನ ಗಂಡ ಒಂದು ವರ್ಷ ಯಾವ ತಂಡಕ್ಕೂ ಆಟ ಹೇಳಿಕೊಡಬಾರದು, ಮ್ಯಾಚಿನ ದಿನ ಮೈದಾನಕ್ಕೆ ಬರಬಾರದು, ಉಡುತಡಿಗೆ ಹೋಗಿ ಅವನ ಮನೆಯವರ ಎದುರಿಗೆ ಕ್ಷಮೆ ಕೇಳಬೇಕು ಎಂದು ತೀರ್ಮಾನವಾಯಿತು. ಸೊರಬದ ಗೆಳೆಯನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಕಾಗದ ತಂದುಕೊಟ್ಟು ಸಂಘಕ್ಕೆ ಸಹಾಯ ಮಾಡಿದರಲ್ಲ, ಅದಕ್ಕೆ. ಅವರು ಹೊರಗೆ ಹೋಗುವಾಗ ಪರದೆಯ ಸಂದಿಯಿಂದ ನೋಡಿದೆ. ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿ, ‘ಎಂತ ಮಾಡದು ಹೇಳು, ಕೇಳಿದ್ರು, ಕೊಟ್ಟೆ,’ ಎಂದರು. ನನ್ನ ಗಂಡ ಆ ಕೈಯನ್ನು ತಳ್ಳುತ್ತಾರೆಂದು ಕಾದೆ. ತಳ್ಳಲಿಲ್ಲ.

ಉಡುತಡಿಗೆ ಹೋಗುವುದನ್ನು ಅವರು ಇವತ್ತು ನಾಳೆ ಎಂದು ಮುಂದೂಡುತ್ತಿದ್ದರು. ನಾನೂ ಬರುತ್ತೇನೆಂದು ಹೇಳಿದ ಮೇಲೆ ಗಾಡಿ ಗೊತ್ತು ಮಾಡಿದರು. ಅವನ ಮನೆ ಊರಂಚಿಗೆ. ಹಿತ್ತಲ ಗೋಡೆಯ ತುಂಬ ಬೆರಣಿ ಸಾಲಾಗಿ ಒಣಗುತ್ತಿತ್ತು. ನನ್ನ ಗಂಡ ಆ ಕಡೆ ನೋಡದಂತೆ ನಡೆದರು. ಅವನು ಹೊಲದಿಂದ ಬಂದು ನಿಂತ. ನನ್ನ ಗಂಡ ಕೈ ಜೋಡಿಸಿ, ‘ನನ್ನಿಂದ ತಪ್ಪಾತು,’ ಎಂದರು. ಅವನು ‘ಆಗ್ಲಿ ಸಾರ್’ ಎಂದ. ಮೇಷ್ಟ್ರೇ ಎನ್ನಲಿಲ್ಲ. ಒಬ್ಬರು ಎತ್ತುಗಳನ್ನು ನೋಡಿದರು, ಒಬ್ಬ ನೆಲ ನೋಡಿದ.

ಅವನ ಅವ್ವ ನನ್ನನ್ನು ಒಳಗೆ ಕರೆದು ಕೂರಿಸಿದಳು. ಬೆಲ್ಲ, ನೀರು ಕೊಟ್ಟಳು. ನನ್ನ ಹೊಟ್ಟೆ ನೋಡಿ ಎಷ್ಟು ತಿಂಗಳೆಂದು ಕೇಳಿದಳು. ಕಾಗದದ ಸುದ್ದಿಯನ್ನೇ ಎತ್ತಲಿಲ್ಲ. ನಾನೇ, ನಮ್ಮವರು ಹಾಗೆ ಬರೆಯಬಾರದಿತ್ತು ಎಂದೆ.

‘ಬರದ್ರ ಬರೀಲಿ ತಾಯಿ. ನನ್ನ ಕೈಯೇನು ಸವೀತಾ? ಅವನಿಗೇ ಭಾಳ ನೋವಾತು,’ ಎಂದು, ದನಿ ತಗ್ಗಿಸಿ ಹೇಳಿದಳು: ‘ಒಂದು ಮಾತು ಹೇಳ್ತೀನಿ. ಮೂರು ಹೊತ್ತೂ ಮೇಷ್ಟ್ರು ಹಿಂಗಂದ್ರು, ಮೇಷ್ಟ್ರು ಹಂಗಂದ್ರು ಅಂತಿದ್ದ. ನಾನು ಮಾತಾಡಿದ್ರ ಕಿವೀಗೇ ಹೋಗ್ತಿರಲಿಲ್ಲ. ಈಗ ಸಂಜೀಕೆ ನನ್ನ ಹತ್ರ ಕೂತು ಮಾತಾಡ್ತಾನ.’

ಆ ಮಾತು ಕೇಳಿ ಆ ಮುದುಕಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ಸಂಘದ ತೀರ್ಪಿನಿಂದ ಅವಳ ಮಗ ಅವಳಿಗೆ ಸಿಕ್ಕಿದ್ದ.

ನನ್ನ ಗಂಡನೂ ಮನೆಯಲ್ಲೇ ಇದ್ದರು. ಎಷ್ಟು ಭಾನುವಾರ ನಾನು ಅದಕ್ಕಾಗಿ ಹಾರೈಸಿದ್ದೆ! ಈಗ ಪ್ರತಿ ಭಾನುವಾರವೂ ಜಗಲಿಯ ಕಂಬಕ್ಕೆ ಒರಗಿ, ಮೈದಾನದ ಕಡೆಯಿಂದ ಕೂಗು ಬಂದಾಗಲೆಲ್ಲ ತಲೆ ಆ ಕಡೆ ಹೊರಳಿಸಿ ಕೂತಿರುತ್ತಿದ್ದರು. ಸೀಟಿಯ ದನಿ ಕೇಳಿದರೆ ಕೈ ಕೊರಳಿಗೆ ಹೋಗುತ್ತಿತ್ತು. ಕಾಗದ ಬರೆಯುವುದು ನಿಂತಿತು. ಅದೊಂದು ನನಗೆ ಸಮಾಧಾನ. ಬರೆಯುವುದು ನಿಂತರೆ ಒಳಗೆ ಇರುವ ಮಾತು ಯಾವತ್ತಾದರೂ ನನ್ನ ಕಡೆ ಹರಿಯಲೇಬೇಕಲ್ಲ ಎಂದು ಕಾದೆ. ನಾನೇ ಬಾಯಿಬಿಟ್ಟು ಒಂದು ಸಂಜೆ ಹೇಳಿದೆ: ‘ಆ ಕೋಳಿ ಟಿಕೀಟಿನ ಕಥೆ ನಂಗೂ ಒಂದ್ಸಲ ಹೇಳಿ. ನಾ ಸರಿಯಾಗಿ ಕೇಳ್ಲಿಲ್ಲ.’

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ಕೆಂಪಾಯಿತು. ‘ಆ ಸುದ್ದಿ ಬ್ಯಾಡ,’ ಎಂದು ಎದ್ದು ಹೋದರು. ನಾನು ಅಣಕಿಸುತ್ತಿದ್ದೇನೆಂದು ತಿಳಿದರೋ ಏನೋ.

ಬಾಣಂತನಕ್ಕೆ ಸೊರಬಕ್ಕೆ ಹೋದೆ. ಅವರಿಂದ ಆಗಾಗ ಕಾರ್ಡು ಬರುತ್ತಿತ್ತು. ಇಲ್ಲಿ ಕ್ಷೇಮ, ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ, ಆರೋಗ್ಯ ನೋಡಿಕೊಳ್ಳುವುದು. ಇಷ್ಟೇ ಮಾತು, ದೊಡ್ಡ ಅಕ್ಷರದಲ್ಲಿ, ಅರ್ಧ ಕಾರ್ಡು ಖಾಲಿ. ನಾನು ಅದನ್ನೇ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಪೋಸ್ಟಿನವನು ನಮ್ಮ ಜಗಲಿಯಲ್ಲಿ ನಿಂತು ಚೀಲ ಕೆದಕುತ್ತಿದ್ದಾಗ ಅವನ ಕೈಯಲ್ಲಿ ಒಂದು ದಪ್ಪ ಲಕೋಟೆ ಕಂಡಿತು. ವಿಳಾಸದ ಅಕ್ಷರ ನನ್ನ ಗಂಡನದು. ಕೈ ಚಾಚಿದೆ. ‘ನಿಮ್ದಲ್ಲ ಅಮ್ಮ, ಡ್ರಿಲ್ ಮೇಷ್ಟ್ರದು,’ ಎಂದು ಅವನು ಬೀದಿಯ ಆ ತುದಿಗೆ ನಡೆದ.

ಇನ್‌ಲ್ಯಾಂಡಿನಲ್ಲಿ ಹಿಡಿಸದೆ ಲಕೋಟೆಗೆ ಬಂದಿತ್ತು ಅವರ ಮಾತು. ತಮ್ಮನ್ನು ಸಭೆಯಲ್ಲಿ ಹಿಡಿದುಕೊಟ್ಟವನಿಗೆ! ಮಧ್ಯಾಹ್ನ ಆ ಮೇಷ್ಟ್ರ ಹೆಂಡತಿ ನನ್ನನ್ನು ನೋಡಲು ಬಂದರು, ಒಂದು ಬಟ್ಟಲು ಉಪ್ಪಿನಕಾಯಿ ಹಿಡಿದುಕೊಂಡು. ಕಾಗದ ಯಾವಾಗಿನಿಂದ ಬರುತ್ತಿದೆ ಎಂದು ಕೇಳಿದೆ. ನಿಂತೇ ಇರಲಿಲ್ಲವಲ್ಲ ಎಂದರು. ಮನೆಯಲ್ಲಿ ಬರೆಯುತ್ತಿರಲಿಲ್ಲವೆಂದರೆ ಶಾಲೆಯಲ್ಲಿ ಬರೆಯುತ್ತಿದ್ದರು. ತಮ್ಮ ಯಜಮಾನರು ಈಗ ಹೋಟೆಲಿಗೆ ಒಯ್ಯುವುದಿಲ್ಲ, ಯಾರಿಗೂ ತೋರಿಸುವುದಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ಓದಿ ಒಬ್ಬರೇ ನಗುತ್ತಾರೆ ಎಂದರು. ಏನಿದೆ ಅದರಲ್ಲಿ ಎಂದು ಕೇಳಿದೆ.

‘ನಂಗೆ ಯಾರು ಹೇಳ್ತಾರೆ?’ ಎಂದರು ಅವರು. ಆ ಮಾತಾಡಿದ ರೀತಿಯಲ್ಲಿ ನನಗೆ ನನ್ನದೇ ದನಿ ಕೇಳಿಸಿತು. ಉಪ್ಪಿನಕಾಯಿ ಚೆನ್ನಾಗಿದೆ ಎಂದೆ. ನಾವಿಬ್ಬರೂ ಬಹಳ ಹೊತ್ತು ಉಪ್ಪಿನಕಾಯಿಯ ವಿಷಯವನ್ನೇ ಮಾತಾಡಿದೆವು.

ಮಗಳು ಹುಟ್ಟಿದಳು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಶಿಕಾರಿಪುರಕ್ಕೆ ಬಂದೆ. ನನ್ನ ಗಂಡ ಕೂಸಿನ ಕೈ ಬಿಡಿಸಿ ಬೆರಳು ನೋಡಿ, ಉದ್ದ ಅದಾವ ಎಂದರು. ಅದು ಅವರು ಕೊಟ್ಟ ದೊಡ್ಡ ಮೆಚ್ಚುಗೆ.

ಅವರ ವರ್ಷ ಮುಗಿಯುವ ಮುಂಚೆಯೇ ಉಡುತಡಿಯವನು ನಮ್ಮ ತಂಡ ಬಿಟ್ಟಿದ್ದ. ಚಂದ್ರಗುತ್ತಿಯ ಸದಸ್ಯರು ಅವನನ್ನು ತಮ್ಮ ಊರಿಗೆ ಕರೆದುಕೊಂಡಿದ್ದರು; ಅಲ್ಲಿ ಆಡುವುದರ ಜೊತೆಗೆ ಹುಡುಗರಿಗೆ ಹೇಳಿಕೊಡುವುದೂ ಅವನದೇ. ನನ್ನ ಗಂಡನಿಗೆ ಮತ್ತೆ ಮೈದಾನಕ್ಕೆ ಬರಲು ಒಪ್ಪಿಗೆ ಸಿಕ್ಕ ಮೇಲೆ ಮೊದಲು ಎದುರಾದದ್ದು ಅದೇ ಚಂದ್ರಗುತ್ತಿಯ ತಂಡ, ನಮ್ಮ ಊರಲ್ಲೇ. ನಾನು ಕೂಸಿನ ನೆವದಿಂದ ಹೋಗಲಿಲ್ಲ. ಶಿಕಾರಿಪುರ ಸೋತಿತು.

ಅಂದು ಸಂಜೆ ಅವರು ತಡವಾಗಿ ಬಂದರು. ಶಾಲೆಗೆ ಹೋಗಿ ಬಂದೆ, ಏನೋ ಕೆಲಸವಿತ್ತು ಎಂದರು. ನಾನು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಅವರು ಎದುರಿಗೆ ಬಂದು ಕುಕ್ಕುರುಗಾಲಲ್ಲಿ ಕೂತರು. ನಾನು ಕೇಳದೆಯೇ ಮ್ಯಾಚಿನ ಕಥೆ ಹೇಳಲು ಶುರು ಮಾಡಿದರು. ಉಡುತಡಿಯವನು ಆಟಕ್ಕೆ ಮುಂಚೆ ಬಂದು ದೂರದಿಂದ ತಲೆಬಾಗಿಸಿದನಂತೆ. ಅವನು ಕಲಿಸಿದ ಹುಡುಗರೆಲ್ಲ ಎಗರುವ ಮುಂಚೆ ಎಡಗಾಲನ್ನು ಒಂದು ಸಲ ನೆಲಕ್ಕೆ ತಿಕ್ಕುತ್ತಾರಂತೆ, ಅದು ತಾವು ಅವನಿಗೆ ಹೇಳಿಕೊಟ್ಟದ್ದಂತೆ. ‘ಆರು ಮಂದಿನೂ ನನ್ನ ಕಾಲು ಇಟಗೊಂಡೇ ನನ್ನ ಒದ್ದರು,’ ಎಂದು ನಕ್ಕರು. ಅಂಪೈರು ಸೀಟಿ ಊದಲು ಹೋಗಿ ಕೆಮ್ಮಿದ್ದು, ನಮ್ಮವನೊಬ್ಬ ಅದನ್ನೇ ಸೀಟಿ ಎಂದು ತಿಳಿದು ಚೆಂಡು ಬಿಟ್ಟದ್ದು, ಎಲ್ಲ ಹೇಳಿದರು. ಉಡುತಡಿಯವನ ಬಗ್ಗೆ ಒಂದು ಹಗುರ ಮಾತೂ ಆಡಲಿಲ್ಲ. ಅವನ ಹೊಡೆತವನ್ನು ಹೇಳುವಾಗ ಎದ್ದು ನಿಂತು ಕೈಯೆತ್ತಿ ತೋರಿಸಿದರು.

ಎರಡು ವರ್ಷ ನಾನು ಕಾದದ್ದು ಇದಕ್ಕೇ. ನಕ್ಕೆ, ಕೂಸು ಬೆಚ್ಚಿ ಕಣ್ಣು ಬಿಡುವಷ್ಟು ನಕ್ಕೆ. ಆದರೆ ಕೇಳುತ್ತಾ ಕೇಳುತ್ತಾ ನನಗೆ ಒಂದು ತಿಳಿಯಿತು. ಮಾತು ಎಲ್ಲೂ ತಡವರಿಸಲಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದೆಲ್ಲ ಆಗಲೇ ತಿದ್ದಿ ಇಟ್ಟ ಹಾಗಿತ್ತು. ಅವರ ಬಲಗೈ ಬೆರಳ ತುದಿ ನೋಡಿದೆ. ಶಾಯಿ ಹತ್ತಿತ್ತು.

ಕಥೆ ಸೊರಬಕ್ಕೆ ಮೊದಲು ಹೋಗಿತ್ತು, ನನಗೆ ಆಮೇಲೆ. ಕೂಸನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಆಮೇಲೆ ಏನಾಯಿತು ಹೇಳಿ ಎಂದೆ. ಅವರು ಹೇಳಿದರು.